ನಾಲ್ಕು ತಾಲೂಕು ಕೂಗಿದ ಹೆಸರು

ಹನುಮಸಾಗರದ ಹಂಪವ್ವನ ಹೆಸರು ಒಂದು ಕಾಲಕ್ಕೆ ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಈ ನಾಲ್ಕೂ ತಾಲೂಕಿನವರ ಬಾಯಲ್ಲಿ ಓಡಾಡುತ್ತಿತ್ತು. ಆಕೆ ಚುನಾವಣೆಗೆ ನಿಂತಿರಲಿಲ್ಲ, ನಾಟಕದಲ್ಲಿ ಕುಣಿದಿರಲಿಲ್ಲ, ಯಾರ ಜೊತೆಗೂ ಓಡಿಹೋಗಿರಲಿಲ್ಲ. ಮಾಡಿದ್ದಿಷ್ಟೇ, ಒಂದು ದಿನ ಗಡಿಬಿಡಿಯಲ್ಲಿ ರೊಟ್ಟಿ ಸುಟ್ಟಿದ್ದಳು. ಅಷ್ಟಕ್ಕೆ ಊರೂರಿನ ಜನ ಆಕೆಯನ್ನು ಹಾಡಿ ನಕ್ಕರು.

ಆಕೆಯ ಗಂಡ ಪಕೀರಪ್ಪ ಹಗಲು ಯಾರದಾದರೂ ಹೊಲದಲ್ಲಿ ಕೂಲಿ ಮಾಡಿ, ಸಂಜೆ ಗುಡಿಯ ಕಟ್ಟೆಯ ಮೇಲೆ ದಮ್ಮಡಿ ಬಡಿಯುತ್ತ ತತ್ವಪದ ಹಾಡುತ್ತಿದ್ದ. ಕಂಚಿನ ಕಂಠ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಗ್ರಾಮಫೋನ್ ರಿಕಾರ್ಡು ತೆಗೆಯುವ ಕಂಪನಿಯವರೊಬ್ಬರು ಹಳ್ಳಿ ಹಾಡುಗಾರರನ್ನು ಹುಡುಕುತ್ತ ಬಂದು, ಇವನ ದನಿ ಕೇಳಿ, ಹುಬ್ಬಳ್ಳಿಗೆ ಬಾ ಎಂದು ಹೇಳಿಹೋದರು. ಹೊರಡುವ ದಿನ ನಸುಕಿನಲ್ಲೇ ಬಸ್ಸು. ಹಂಪವ್ವ ಬುತ್ತಿಗೆ ರೊಟ್ಟಿ ಬಡಿಯುತ್ತ, ಒಲೆಯ ಕೆಂಡವನ್ನೇ ತಂಬಿಗೆಗೆ ತುಂಬಿ ಗಂಡನ ಬಿಳಿ ಅಂಗಿಗೆ ಇಸ್ತ್ರಿ ತಿಕ್ಕುತ್ತ, ನಡುನಡುವೆ ಬಸ್ಸು ಬಂತೇನೋ ಎಂದು ಬಾಗಿಲಿಗೆ ಓಡುತ್ತಿದ್ದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಮತ್ತೆ ಹಿಟ್ಟು ನಾದಲು ಹೊತ್ತಿರಲಿಲ್ಲ. ಕರಕನ್ನು ಕೆಳಗಿಟ್ಟು, ಮೇಲೆ ಚಲೋ ರೊಟ್ಟಿ ಮುಚ್ಚಿ, ಬುತ್ತಿ ಕಟ್ಟಿಕೊಟ್ಟಳು.

ಹುಬ್ಬಳ್ಳಿಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದ ಕೋಣೆಯೊಂದರಲ್ಲಿ ಅವನನ್ನು ನಿಲ್ಲಿಸಿ ಹಾಡಿಸಿದರು. ರಿಕಾರ್ಡಿನ ಒಂದು ಮಗ್ಗುಲು ತತ್ವಪದದಿಂದ ತುಂಬಿತು. ಇನ್ನೊಂದು ಮಗ್ಗುಲಿಗೆ ನಗೆಯದೇನಾದರೂ ಬೇಕು, ಊಟ ಮಾಡಿ ಬಂದು ಹಾಡು ಎಂದರು ಕಂಪನಿಯವರು. ಪಕೀರಪ್ಪ ಅಂಗಳದ ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚಿದ. ಕೈ ತೊಳೆದು ಏಳುವ ಹೊತ್ತಿಗೆ ಹಾಡು ಬಾಯಿಗೆ ಬಂದಿತ್ತು.

ಹಂಪವ್ವ ರೊಟ್ಟಿ ಸುಟ್ಟಾಳ
ಓಣಿ ತುಂಬ ಹೊಗಿ ಬಿಟ್ಟಾಳ
ಹಂಚಿನ ಮ್ಯಾಲ ಹಾಕಿ ಮರತು
ಯಾರ ಹಾದಿ ನೋಡ್ಯಾಳ

ಮುಂದೆ ಇನ್ನೂ ನಾಲ್ಕಾರು ನುಡಿಗಳಿದ್ದವು. ಅವನ್ನು ಯಾರೂ ನೆನಪಿಡಲಿಲ್ಲ, ಈ ನಾಲ್ಕು ಸಾಲೇ ಸಾಕಾಯಿತು. ಕುಷ್ಟಗಿಯ ಮೈಕ್‌ಸೆಟ್ಟಿನ ಗವಿಸಿದ್ದಪ್ಪ ಮೊದಲ ಸಲ ಅದನ್ನು ಒಂದು ಮದುವೆಯ ಹಂದರದಲ್ಲಿ ಹಚ್ಚಿದಾಗ, ಬೀಗರು ಊಟ ಬಿಟ್ಟೆದ್ದು ಬಂದು ಮತ್ತೊಮ್ಮೆ ಹಚ್ಚು ಎಂದರಂತೆ. ಅಲ್ಲಿಂದ ಶುರುವಾಯಿತು. ಮದುವೆ, ಜವಳ, ಟೂರಿಂಗ್ ಟಾಕೀಸು, ಸಂತೆ, ಎಲ್ಲಿ ಲೌಡ್‌ಸ್ಪೀಕರ್ ಇತ್ತೋ ಅಲ್ಲಿ ಹಂಪವ್ವ ರೊಟ್ಟಿ ಸುಡುತ್ತಿದ್ದಳು. ಹಿಟ್ನಾಳದ ಹತ್ತಿರ ಲಾರಿಯವರು ಅದೇ ತಾಳಕ್ಕೆ ಹಾರ್ನು ಬಾರಿಸುತ್ತಿದ್ದರೆಂದು ನೋಡಿ ಬಂದವರು ಹೇಳುತ್ತಿದ್ದರು. ಪಕೀರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇವತ್ತು ತಾವರಗೇರಾ, ನಾಳೆ ಕುಕನೂರು ಎಂದು ಕರೆದವರ ಊರಿಗೆಲ್ಲ ಹೋಗಿ ಹಾಡಿ, ಕೊರಳಿಗೆ ಹಾರ ಹಾಕಿಸಿಕೊಂಡು ಬರುತ್ತಿದ್ದ.

ಹಂಪವ್ವನಿಗೆ ಮಾತ್ರ ಮುಖ ಎತ್ತದಂತಾಯಿತು. ನಮ್ಮ ಕಡೆ ಗಂಡ ಹೆಂಡಿರು ಒಬ್ಬರ ಹೆಸರನ್ನು ಒಬ್ಬರು ಹಿಡಿಯುವುದಿಲ್ಲ. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ ನಾಚುತ್ತ ಆ ಹೆಸರನ್ನು ಪ್ರಾಸದ ಒಂದು ಒಡಪಿನಲ್ಲಿ ಸೇರಿಸಿ ಹೇಳಿದರೆ ಮುಗಿಯಿತು. ಆಮೇಲೆ ಜನ್ಮವೆಲ್ಲ 'ಏ ಕೇಳಿಲ್ಲಿ', 'ಇವರು', 'ಇಕಿ' ಇಷ್ಟರಲ್ಲೇ ಸಂಸಾರ ಸಾಗುತ್ತದೆ. ಪಕೀರಪ್ಪನೂ ಹಾಗೇ. ಮನೆಯೊಳಗೆ ಒಮ್ಮೆಯೂ ಹೆಸರು ಹಿಡಿದು ಕರೆಯದ ಈ ಮಹಾರಾಯ, ಹೊರಗೆ ಹೋಗಿ ಕಂಡಕಂಡವರ ಬಾಯಿಗೆ ಆ ಹೆಸರನ್ನು ಹಾಕಿ ಬಂದಿದ್ದ. ರೊಟ್ಟಿಯ ಮಾತನ್ನಾದರೂ ಆಕೆ ನುಂಗಿಕೊಂಡಾಳು, ಅವಳ ರೊಟ್ಟಿಯ ರುಚಿ ಓಣಿಗೆ ಗೊತ್ತಿತ್ತು. ಆ ಕೊನೆಯ ಸಾಲಿದೆಯಲ್ಲ, ಅದು ಮುಳ್ಳಾಗಿತ್ತು. ಬಸ್ಸಿನಲ್ಲಿ, ಬಾವಿಯಲ್ಲಿ, ಕಿರಾಣಿ ಅಂಗಡಿಯಲ್ಲಿ ಯಾರಾದರೂ ಹಲ್ಲು ಕಿಸಿದು ಕೇಳುತ್ತಿದ್ದರು, "ಯಾರ ಹಾದಿ ನೋಡಿದ್ಯವಾ ಹಂಪವ್ವಾ?"

ಮುಂದಿನ ವರ್ಷ ಗಂಗಾವತಿ ಕಡೆ ಭತ್ತದ ನಾಟಿಗೆ ಹೋದಾಗ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಮೇಸ್ತ್ರಿ ಹೆಸರು ಕೇಳಿದ. ಹಂಪವ್ವ ಹಿಂದುಮುಂದು ನೋಡದೆ ತನ್ನ ತಾಯಿಯ ಹೆಸರು ಹೇಳಿದಳು, "ಭೀಮಕ್ಕ ರೀ." ಆ ಹಂಗಾಮು ಪೂರ್ತಿ ಆಕೆ ಭೀಮಕ್ಕನಾಗಿ ನಾಟಿ ಹಚ್ಚಿದಳು. ಕೆಸರಿನಲ್ಲಿ ಬಗ್ಗಿದ ಹೆಂಗಸರ ಸಾಲು ಒಂದು ತುದಿಯಿಂದ ಆ ಹಾಡನ್ನು ಎತ್ತಿಕೊಂಡರೆ ತೆಲುಗಿನ ಹೆಂಗಸರೂ ದನಿಗೂಡಿಸುತ್ತಿದ್ದರು. ಭೀಮಕ್ಕನೂ ತುಟಿ ಅಲ್ಲಾಡಿಸಿದ ಹಾಗೆ ಮಾಡುತ್ತಿದ್ದಳು. ಜೊತೆಗೆ ಹೋಗಿದ್ದ ಪಕ್ಕದ ಮನೆಯ ನೂರಜಾನಬಿಗೆ ಮಾತ್ರ ಗುಟ್ಟು ಗೊತ್ತು. ಆಕೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರೆ, ಹಂಪವ್ವ ಒಂದು ಹಿಡಿ ಕೆಸರು ಎತ್ತಿ ಎಸೆಯುತ್ತಿದ್ದಳು.

ಈ ನಡುವೆ ಕಂಪನಿಯವರು ಎರಡನೇ ರಿಕಾರ್ಡಿಗೆ ಕರೆದರು. ಅಂಥದ್ದೇ ಇನ್ನೊಂದು ಬೇಕು ಎಂದರಂತೆ. ಅಂಥದ್ದು ಕೇಳಿದಾಗ ಬರುವುದಾದರೆ ಲೋಕದಲ್ಲಿ ಎಲ್ಲರೂ ಹಾಡುಗಾರರೇ. ಪಕೀರಪ್ಪ ಸಾರು ಚೆಲ್ಲಿದ ನಾದಿನಿಯ ಮೇಲೊಂದು, ಕೊಡ ಒಡೆದ ಅತ್ತಿಗೆಯ ಮೇಲೊಂದು ಕಟ್ಟಿ ಹಾಡಿ ಬಂದ. ಯಾರೂ ನಗಲಿಲ್ಲ. ಮನೆಗೆ ಕಳಿಸಿದ ಆ ರಿಕಾರ್ಡುಗಳಲ್ಲಿ ಒಂದನ್ನು ಹಂಪವ್ವ ಮಜ್ಜಿಗೆ ಗಡಿಗೆಗೆ ಮುಚ್ಚಳ ಮಾಡಿದಳು. ಅಳತೆ ಸರಿಯಾಗಿ ಕೂತಿತು.

ಕೆಟ್ಟದ್ದು ನಡೆದದ್ದು ಎಪ್ಪತ್ತೇಳರಲ್ಲಿ, ಯಲಬುರ್ಗಾದಲ್ಲಿ, ಆಕೆಯ ತಮ್ಮ ಕನಕಪ್ಪನ ಮದುವೆಯಲ್ಲಿ. ಹಂಪವ್ವ ಆರತಿ ತಟ್ಟೆ ಹಿಡಿದು ಹಂದರಕ್ಕೆ ಬರುವುದಕ್ಕೂ ಯಾರೋ ಆ ರಿಕಾರ್ಡು ಹಚ್ಚಿಸುವುದಕ್ಕೂ ಸರಿಹೋಯಿತು. ಬೀಗರ ಕಡೆಯ ಪಡ್ಡೆ ಹುಡುಗರು ಕೊನೆಯ ಸಾಲಿಗೆ ಸೀಟಿ ಹೊಡೆದರು. ಒಬ್ಬ ಎದ್ದು ನಿಂತು, "ಈಗರ ಹೇಳಬೇ, ಅಂವ ಯಾರಂತ!" ಎಂದು ಕೂಗಿದ. ಕನಕಪ್ಪ ಬಾಸಿಂಗ ಕಟ್ಟಿಕೊಂಡೇ ಅವನ ಕೊರಳಪಟ್ಟಿ ಹಿಡಿದ. ಹಿರಿಯರು ಬಿಡಿಸಿದರು, ಅಕ್ಕಿಕಾಳು ಬಿದ್ದವು, ಮದುವೆ ಮುಗಿಯಿತು. ಹಂಪವ್ವ ಊಟಕ್ಕೂ ನಿಲ್ಲದೆ ಊರಿನ ಬಸ್ಸು ಹತ್ತಿದಳು.

ಮುಂದಿನ ಹುಣ್ಣಿಮೆಗೆ ಗಂಡನನ್ನು ಹುಲಿಗಿಗೆ ಕರೆದುಕೊಂಡು ಹೋದಳು. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಗುಡಿಯ ಮುಂದೆ ನಿಲ್ಲಿಸಿ ಕೇಳಿದಳು.

"ನಿಮ್ಮ ಅಂಗಿ ತಿಕ್ಕಿದ್ದು ಹಾಡಿನ್ಯಾಗ ಬರಲಿಲ್ಲ. ನಸುಕಿನ್ಯಾಗ ಎದ್ದದ್ದು ಬರಲಿಲ್ಲ. ರೊಟ್ಟಿ ಸುಟ್ಟಿದ್ದಷ್ಟ ಬಂತು. ನನ್ನ ಹೆಸರು ನನಗ ಹೊಳ್ಳಿ ಕೊಡ್ರಿ."

"ಮಂದಿ ಬಾಯಾಗ ಹೋದದ್ದು ನಾ ಹೆಂಗ ಹೊಳ್ಳಿ ತರ್ಲಿ?"

"ನಿಮ್ಮ ಬಾಯಾಗಿಂದರ ತಗೀರಿ. ಇನ್ನ ಮ್ಯಾಲ ಆ ಹಾಡು ಹಾಡೂದಿಲ್ಲಂತ ಹುಲಿಗೆವ್ವನ ಭಂಡಾರ ಮುಟ್ಟಿ ಆಣಿ ಮಾಡ್ರಿ."

ಪಕೀರಪ್ಪ ಬಗ್ಗಿ ದೇವಿಯ ಅರಿಸಿನದ ಭಂಡಾರ ಮುಟ್ಟಿದ.

ಆಮೇಲೂ ಜನ ಕರೆಯುತ್ತಿದ್ದರು. ಅವನು ತತ್ವಪದ ಎತ್ತಿಕೊಂಡರೆ ಹಿಂದಿನಿಂದ "ರೊಟ್ಟಿ! ರೊಟ್ಟಿ!" ಎಂಬ ಕೂಗು ಏಳುತ್ತಿತ್ತು. ಇವನು ಕೈ ಮುಗಿದು, "ಆಣಿ ಐತ್ರಿ" ಎನ್ನುತ್ತಿದ್ದ. ಆಣೆ ಎಂದರೆ ನಮ್ಮ ಜನ ಒತ್ತಾಯ ಮಾಡುವುದಿಲ್ಲ, ಆದರೆ ಮತ್ತೆ ಕರೆಯುವುದೂ ಇಲ್ಲ. ಮೆಲ್ಲಗೆ ಕರೆ ನಿಂತವು. ದಮ್ಮಡಿ ಗೂಟಕ್ಕೆ ಏರಿತು, ಕಡೆಗೆ ಅದರ ಚರ್ಮವನ್ನು ಇಲಿ ಕಡಿದು ಹಾಕಿದವು. ಆತ ಕೂಲಿಗೆ ಹೋದ, ದನ ಕಾಯ್ದ, ಮಗಳಿಗೆ ಗಂಡು ನೋಡಿದ. ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ಹಂಪವ್ವನಿಗೆ ಎದುರು ಮಾತಾಡಿ ಹಗುರಾಗಬಹುದಿತ್ತು, ಆ ಭಾಗ್ಯವನ್ನೂ ಆತ ಕೊಡಲಿಲ್ಲ. ಮೈಕ್‌ಸೆಟ್ಟುಗಳು ಮಾತ್ರ ಇನ್ನೂ ಕೆಲವು ವರ್ಷ ಹಾಡುತ್ತಲೇ ಇದ್ದವು, ಅವಕ್ಕೆ ಆಣೆ ಇರಲಿಲ್ಲ.

ಎಂಬತ್ತಾರರಲ್ಲಿ ಅಕ್ಕನ ಮಗಳ ಮದುವೆಗೆಂದು ಹಂಪವ್ವ ಒಬ್ಬಳೇ ಕಿನ್ನಾಳಕ್ಕೆ ಹೋದಳು. ಅಡುಗೆಯ ಹಂದರದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಾಗ ಬೀಗರ ಕಡೆಯ ಚುರುಕಾದ ಹುಡುಗಿಯೊಬ್ಬಳು ಮಗ್ಗುಲಿಗೆ ಬಂದು ಕೂತು ಹೆಸರು ಕೇಳಿದಳು. ಹಂಪವ್ವ ಎಂದಿನಂತೆ ಮೈ ಬಿಗಿ ಹಿಡಿದು, ನಗು ಬರುವುದನ್ನೇ ಕಾಯುತ್ತ ಹೇಳಿದಳು, "ಹಂಪವ್ವ."

"ಹೌದೇನ್ರಿ? ಹಂಪವ್ವಾರ, ಆ ಈಳಗಿ ಸ್ವಲ್ಪ ಇತ್ತಾಗ ಕೊಡ್ರಿ."

ಅಷ್ಟೇ. ಹುಡುಗಿ ತನ್ನ ಪಾಡಿಗೆ ತಾನು ಹೆಚ್ಚತೊಡಗಿದಳು. ಹಂಪವ್ವನಿಗೆ ತಡೆಯಲಾಗಲಿಲ್ಲ.

"ಹಾಡು ಕೇಳಿಲ್ಲೇನ ನೀ? ರೊಟ್ಟಿ ಸುಟ್ಟ ಹಾಡು?"

"ಯಾವ ಹಾಡ್ರಿ?"

ಹೊರಗೆ ಯಾವುದೋ ಹೊಸ ಸಿನಿಮಾ ಹಾಡು ದಡಬಡ ಬಡಿದುಕೊಳ್ಳುತ್ತಿತ್ತು. ಹಂಪವ್ವ ಈಳಿಗೆ ಬಿಟ್ಟೆದ್ದು ಮೈಕ್‌ಸೆಟ್ಟು ಇಟ್ಟಲ್ಲಿಗೆ ಹೋದಳು. ಅದೇ ಗವಿಸಿದ್ದಪ್ಪ, ತಲೆ ನೆರೆತಿತ್ತು, ಮುಂದೆ ಕ್ಯಾಸೆಟ್ಟು ಹಾಕುವ ಮಿಷನ್ನು ಇತ್ತು. ಆತ ಗುರುತು ಹಿಡಿದ, "ಏನವಾ ಹಂಪವ್ವ, ಆರಾಮ ಅದಿಯಾ?" ಎಂದ. ಹಾಡು ಹಚ್ಚು ಎಂದು ಕೇಳಿದರೆ ನಕ್ಕುಬಿಟ್ಟ.

"ರಿಕಾರ್ಡು ಎಲ್ಲಿ ಅದಾವು ಈಗ? ಮಾಳಗಿ ಮ್ಯಾಲ ಇಟ್ಟಿದ್ದೆ, ಬಿಸಲಿಗೆ ಹಪ್ಪಳ ಆಗ್ಯಾವು. ನಿಂದಂತೂ ಮೊದ್ಲ ಸವದಿತ್ತು. ನಮ್ಮ ಪಕೀರಪ್ಪನ ದನಿ ಕಡೀಕ ಕಡೀಕ ಬರೇ ಗರಗರ ಅಂತಿತ್ತು ನೋಡು."

ಮರುದಿನ ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಂಪವ್ವ ದಾರಿಯುದ್ದಕ್ಕೂ ಅತ್ತಳು. ಬೇಡಿಕೊಂಡದ್ದು ಸಿಕ್ಕಿತ್ತು. ಹೆಸರು ಪೂರ್ತಿ ಆಕೆಯದೇ ಆಗಿತ್ತು, ಯಾರ ಬಾಯಲ್ಲೂ ಉಳಿದಿರಲಿಲ್ಲ. ಜನರ ನಗು ಹೋದರೆ ಹೋಗಲಿ. ಆದರೆ ಅಷ್ಟು ವರ್ಷ ಹಂದರ ಹಂದರದಲ್ಲಿ ಆ ಹೆಸರನ್ನು ಕೂಗಿದ್ದು ತನ್ನ ಗಂಡನ ಮೂವತ್ತರ ಹರೆಯದ ದನಿ ಎಂಬುದು ಆಕೆಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ತನ್ನ ಹೆಸರನ್ನು ಕಾಯಲು ಹೋಗಿ ಆ ದನಿಯ ಕೊರಳನ್ನು ತಾನೇ ಹಿಚುಕಿದ್ದಳು. ಅದು ಈಗ ರಿಕಾರ್ಡಿನಲ್ಲೂ ಇಲ್ಲ.

ಮನೆ ಮುಟ್ಟಿದಾಗ ಇಳಿಹೊತ್ತು. ಪಕೀರಪ್ಪ ಕಟ್ಟೆಯ ಮೇಲೆ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಆಕೆ ಗಂಟು ಕೆಳಗಿಡದೆ ಕೇಳಿದಳು.

"ಆ ಹಾಡು ಒಮ್ಮೆ ಹಾಡ್ರಿ."

ಆತ ಕತ್ತೆತ್ತಿ ನೋಡಿದ. "ಭಂಡಾರ ಮುಟ್ಟೀನಿ."

"ನಾನ ಹಾಕಿದ ಆಣಿ, ನಾನ ಬಿಡಸ್ತೀನಿ."

"ನೀ ಬಿಡಸಬಹುದು. ಹುಲಿಗೆವ್ವ ಬಿಡಸ್ಯಾಳಂತ ಯಾರು ಹೇಳ್ಬೇಕು?"

ಹಂಪವ್ವ ಗಂಟು ಕೆಳಗಿಟ್ಟಳು. ಹೊಸ್ತಿಲ ಮೇಲೆ ಕೂತಳು. ಆಕೆಯ ಕಣ್ಣು ನೋಡಿ ಪಕೀರಪ್ಪ ಹಗ್ಗ ಕೆಳಗಿಟ್ಟ. ಎಷ್ಟೋ ವರ್ಷದಿಂದ ಆಡದ ಮಾತನ್ನು ನೆಲ ನೋಡುತ್ತ ಆಡಿದ.

"ಅವತ್ತ ಅವರು ನಗೀದ್ ಹಾಡು ಅಂದ್ರು. ಬುತ್ತಿ ಬಿಚ್ಚಿದೆ, ನೀ ನೆನಪಾದಿ. ಹುಬ್ಬಳ್ಳ್ಯಾಗ ಕುಂತು ನನಗ ಮತ್ತೇನೂ ನೆನಪಾಗ್ಲಿಲ್ಲ. ನೀ ಯಾರ ಹಾದಿ ನೋಡಿದಿ, ಯಾರ ಬಸ್ಸಿಗಂತ ಬಾಗಲಿಗೆ ಓಡಿದಿ ಅನ್ನೂದು ನನಗ ಗೊತ್ತಿತ್ತು. ಮಂದೀಗೂ ತಿಳದೀತು ಅಂದ್ಕೊಂಡಿದ್ದೆ."

ಹಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋಗಿ ಒಲೆಯ ಮುಂದೆ ನಿಂತು, ಅಲ್ಲಿಂದಲೇ ಅಂದಳು.

"ಹಾಡಬ್ಯಾಡ್ರಿ. ಆಣಿ ಇರ್ಲಿ. ಬರೇ ಹೆಸರ ಹಿಡದು ಕರೀರಿ. ಅದಕ್ಕೇನು ಆಣಿ ಹಾಕಿಲ್ಲಲ್ಲ."

ಓಣಿಯಲ್ಲಿ ನೂರಜಾನಬಿ ಆಡಿನ ಮರಿ ಕಟ್ಟುತ್ತಿದ್ದಳು, ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಇಷ್ಟು ಮಂದಿಯ ಮುಂದೆ ಹೆಂಡತಿಯ ಹೆಸರು ಹಿಡಿಯುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಪಕೀರಪ್ಪ ಗಂಟಲು ಸರಿಮಾಡಿಕೊಂಡ ಸದ್ದು ಒಳಗೆ ಕೇಳಿತು.

"ಹಂಪವ್ವಾ!"

ದನಿ ಒಡೆದಿತ್ತು, ಆದರೆ ಎತ್ತರ ಅದೇ ಇತ್ತು. ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿ ಇತ್ತ ತಿರುಗಿದರು. ಒಳಗಿನಿಂದ ಹಂಪವ್ವ, ಓಣಿಗೆಲ್ಲ ಕೇಳುವ ಹಾಗೆ, "ಓ" ಎಂದಳು.