ಅಳು ನಿಂತ ಮಗು

ಹತ್ತು ವರ್ಷಗಳ ಹಿಂದಿನ ಬೇಸಿಗೆ. ತಿಪಟೂರಿನ ಆಸ್ಪತ್ರೆಯೊಂದರಲ್ಲಿ ನಾನು ಮಕ್ಕಳ ತಜ್ಞೆಯಾಗಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಕಂಡವರ ತೋಟಗಳಲ್ಲಿ ತೆಂಗಿನಕಾಯಿ ಸುಲಿದೇ ನನ್ನನ್ನು ಓದಿಸಿದ. ಸುಲಿದ ಮಟ್ಟೆಯ ರಾಶಿಯೇ ನನ್ನ ಆಟದ ಬಯಲು. ನಾನು ಹತ್ತುವ ಮೊದಲು ಅವ್ವ ಕೋಲಿನಿಂದ ರಾಶಿಯನ್ನು ಬಡಿದು, "ಈಗ ಹೋಗೇ" ಅನ್ನುತ್ತಿದ್ದಳು. ಆ ಸದ್ದು, ಆ ನಾರಿನ ವಾಸನೆ ಇನ್ನೂ ನನ್ನೊಳಗಿದೆ.

ಒಂದು ಮಧ್ಯಾಹ್ನ ಹೊನ್ನವಳ್ಳಿ ಕಡೆಯ ರೈತ ಬಸವರಾಜು ತನ್ನ ನಾಲ್ಕು ವರ್ಷದ ಮಗ ಲೋಹಿತನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಹಿಂದೆ ಮಗುವಿನ ಅಜ್ಜಿ.

"ಬಿಸಿಲು ಬಡಿದದೆ ಡಾಕ್ಟ್ರಮ್ಮ, ವಾಂತಿ ಮಾಡ್ಕೊಂಡ. ಬೆಳಿಗ್ಗೆ ಬೆರಳಿಗೆ ಸಿಬುರು ಚುಚ್ಕೊಂಡು ಊರೇ ಒಂದಾಗಂಗೆ ಅತ್ತಿದ್ದ, ಈಗ ಅದೂ ನಿಂತೈತೆ. ಒಂದು ಸೂಜಿ ಹಾಕಿ ಕಳ್ಸಿ."

"ನಾನು ಅರಿಶಿನ ಹಚ್ಚಿದ್ಮೇಲೆ ನಿಂತಿದ್ದು ಕಣವ್ವ" ಎಂದಳು ಅಜ್ಜಿ, ಹೆಮ್ಮೆಯಿಂದ.

ಮಗುವಿನ ಪಾದ ಮುಟ್ಟಿದೆ. ಅಂಥ ಬಿಸಿಲಲ್ಲೂ ನೀರಿನ ಹರವಿಯಂತೆ ತಣ್ಣಗಿತ್ತು. ಮೈಯೆಲ್ಲ ಬೆವರು, ಎದೆ ಡವಡವ, ಬಿಪಿ ಏರಿತ್ತು.

"ಎಲ್ಲಿ ಆಡ್ತಿದ್ದ?"

"ಮಟ್ಟೆ ರಾಶಿ ತಾವ."

ಚುಚ್ಚಿದ್ದು ಸಿಬುರಲ್ಲ, ಚೇಳು. ಕೆಂಪು ಚೇಳಿನ ವಿಷ ಮೈಗೇರಿದಾಗ ಎಷ್ಟೋ ಸಲ ನೋವು ಹಿಂದೆ ಸರಿಯುತ್ತದೆ. ರಕ್ತನಾಳಗಳು ಬಿಗಿದು ಕೈಕಾಲು ತಣ್ಣಗಾಗುತ್ತವೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು.

"ಚೇಳು ಕುಟುಕಿದೆ. ಅಳು ನಿಂತಿರೋದೇ ನಂಗೆ ಭಯ ಕಣಪ್ಪ. ಈಗ ಕರ್ಕೊಂಡು ಹೋದ್ರೆ ಮಗು ಉಳಿಯೋದು ಕಷ್ಟ."

ದೊಡ್ಡವರ ಬಿಪಿಗೆ ಬಳಸುವ ಪ್ರಾಜೋಸಿನ್ ಮಾತ್ರೆಯೇ ಇಲ್ಲಿ ಆಸರೆ. ಅದು ಬಿಗಿದ ರಕ್ತನಾಳಗಳನ್ನು ಸಡಿಲಿಸುತ್ತದೆ. ತೂಕ ನೋಡಿ ಕೊಟ್ಟು, ಏಳಗೊಡದೆ ಮಲಗಿಸಿದೆವು. ಮತ್ತೆ ಮತ್ತೆ ಪಾದ ಮುಟ್ಟಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಎರಡನೇ ಡೋಸ್ ಕೊಟ್ಟಾಯಿತು. ಬಸವರಾಜು ಬಾಗಿಲಲ್ಲಿ ಟವೆಲ್ ಕಚ್ಚಿಕೊಂಡು ನಿಂತಿದ್ದ.

ಸಂಜೆಯ ಹೊತ್ತಿಗೆ ಪಾದ ಬೆಚ್ಚಗಾಯಿತು. ಅದರ ಹಿಂದೆಯೇ ಲೋಹಿತ ಬೆರಳು ಹಿಡಿದುಕೊಂಡು ಚೀರಿದ.

ಅಜ್ಜಿ ನನ್ನ ಮೇಲೆ ಹರಿಹಾಯ್ದಳು: "ಸುಮ್ಕೆ ಮಲಗಿದ್ದ ಮಗೀನ ಅಳಿಸ್ಬುಟ್ಟಲ್ಲೇ ತಾಯಿ!"

"ಅಳ್ಲಿ ಬುಡಜ್ಜಿ. ವಿಷ ಇಳೀತಾ ಬಂದಾಗ ನೋವು ವಾಪಸ್ ಬರುತ್ತೆ. ಮೊಮ್ಮಗ ಉಳ್ಕೊಂಡ."

"ಹಂಗಾರೆ ಇನ್ನೊಸಿ ಅಳ್ಲಿ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲಿ ಆಡ್ತಿದ್ದ ಎಂದು ಕೇಳಲು ನನಗೆ ಹೊಳೆದದ್ದು ಮಟ್ಟೆಯೊಳಗಿನ ಚೇಳು ಓಡಿಸುತ್ತಿದ್ದ ಅವ್ವನ ಆ ಕೋಲಿನಿಂದ. ಉಳಿದದ್ದನ್ನು ಲೋಹಿತ ಕಲಿಸಿದ. ವಾರ್ಡಿನಲ್ಲಿ ಅಳುವ ಮಗುವಿನ ಕಡೆಗೆ ಎಲ್ಲರೂ ಓಡುತ್ತಾರೆ. ನಾನು ಇವತ್ತಿಗೂ ಮೊದಲು ಹೋಗಿ ಮುಟ್ಟುವುದು ಅಳದೆ ಮಲಗಿರುವ ಮಗುವಿನ ಪಾದ.