ಸಂಜೆ ಪೇಪರಿನಲ್ಲಿ ಅಪ್ಪನ ಫೋಟೋ

ನಮ್ಮ ಮನೆಗೆ ಎರಡು ಪೇಪರು ಬರುತ್ತಿತ್ತು. ಬೆಳಿಗ್ಗೆ ಬರುವ ದೊಡ್ಡದು ನನ್ನದು, ಸಂಜೆಯ ಸಣ್ಣದು ಅಪ್ಪನದು.

ದೊಡ್ಡ ಪೇಪರ್ ಓದಲು ಮೇಜು ಬೇಕು, ಇಲ್ಲದಿದ್ದರೆ ನೆಲದಲ್ಲಿ ಹಾಸಿ ಮೊಣಕಾಲೂರಿ ಕೂರಬೇಕು. ಮನೆಯಲ್ಲಿ ತುಳು ಮಾತನಾಡುವ ನಾನು ಕನ್ನಡ ಕಲಿತದ್ದು ಹೆಚ್ಚುಕಡಿಮೆ ಅದರಿಂದಲೇ. ಸಂಪಾದಕೀಯದ ಉದ್ದುದ್ದ ವಾಕ್ಯಗಳನ್ನು ಬಾಯಿಪಾಠ ಮಾಡಿ ಶಾಲೆಯ ಭಾಷಣದಲ್ಲಿ ಸೇರಿಸುತ್ತಿದ್ದೆ. ಪೇಪರ್ ಬಿಡಿಸಿ ಹಿಡಿದರೆ ಎದುರಿಗೆ ಕೂತವರ ಮುಖ ಕಾಣುವುದಿಲ್ಲ. ಆಗ ನನಗೆ ಅದೂ ಇಷ್ಟವಿತ್ತು.

ಅಪ್ಪ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಬೋಟಿಗೆ ಹೋದವರು. ಸಮುದ್ರಕ್ಕಿಳಿಯುವ ತ್ರಾಣ ಕಡಿಮೆಯಾದ ಮೇಲೆ ಮೀನಿನ ಬೋಟುಗಳು ನಿಲ್ಲುವ ಧಕ್ಕೆಯ ಹತ್ತಿರದ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದರು. ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸುವಾಗ ಸಂಜೆ ಪೇಪರ್ ಕೊಂಡು, ಬಸ್ಸಿನಲ್ಲಿ ಅರ್ಧ ಓದಿ, ಮಡಚಿ ಅಂಗಿಯ ಕಿಸೆಗೆ ಹಾಕಿ ತರುತ್ತಿದ್ದರು. ಮನೆಗೆ ಬಂದು ಚಾ ಕುಡಿಯುತ್ತಾ ಉಳಿದದ್ದನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವರು. ಎಲ್ಲೋ ಸರ ಎಳೆದದ್ದು, ಬಾವಿಗೆ ಬಿದ್ದ ಚಿರತೆ, ಓಡಿಹೋದ ಜೋಡಿ. ಅಮ್ಮ ಅಡುಗೆಮನೆಯಿಂದಲೇ, "ಯಾವ ಊರಿನವರಂತೆ?" ಎಂದು ಕೇಳುವಳು.

"ಅಪ್ಪ, ಅದೆಲ್ಲ ಸುಳ್ಳು," ಎಂದು ನಾನೊಮ್ಮೆ ಹೇಳಿದ್ದಕ್ಕೆ ಅಪ್ಪ, "ಸುಳ್ಳಾದರೂ ನಮ್ಮ ಊರಿನದ್ದಲ್ವಾ ಮಗಾ," ಎಂದರು.

ಅಮ್ಮ ತೀರಿಕೊಂಡಳು. ತಮ್ಮ ದುಬೈಗೆ ಹೋಗಿ ಅಲ್ಲೇ ಸಂಸಾರ ಹೂಡಿದ. ನನಗೆ ಮದುವೆ ಆಗಲಿಲ್ಲ, ಅದಕ್ಕೆ ಹೇಳುವಂಥ ಕಥೆಯೂ ಇಲ್ಲ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಶಕ್ತಿನಗರದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ನಾನು ಮತ್ತು ಅಪ್ಪ. ನಂತರ ಅಪ್ಪನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಊಟ ಮಾಡಿದ್ದು, ಆಮೇಲೆ ಅಮ್ಮ ಸತ್ತದ್ದು. ಸಂಜೆ ಪೇಪರನ್ನು ಮಾತ್ರ ಮರೆಯಲಿಲ್ಲ. ಕೆಲಸ ಮುಗಿಸಿ ಬರುವಾಗ ಹಂಪನಕಟ್ಟೆಯಲ್ಲಿ ಕೊಂಡು ತರುವುದು ಈಗ ನನ್ನ ಕೆಲಸವಾಯಿತು. ಅದನ್ನು ಯಾರಾದರೂ ನೋಡಿಯಾರು ಎಂದು ಬ್ಯಾಗಿನೊಳಗೆ ಹಾಕಿಕೊಳ್ಳುತ್ತಿದ್ದೆ.

ಬೇಸಗೆಯ ಒಂದು ಸಂಜೆ ಮನೆಗೆ ಬಂದರೆ ಬಾಗಿಲು ತೆರೆದಿತ್ತು, ಅಪ್ಪ ಇರಲಿಲ್ಲ. ಪಕ್ಕದ ಮನೆಯವರನ್ನು ಕೇಳಿದೆ. ಅಂಗಡಿಯಲ್ಲಿ ಕೇಳಿದೆ. ರಿಕ್ಷಾ ಮಾಡಿಕೊಂಡು ಧಕ್ಕೆಯವರೆಗೆ ಹೋಗಿ ಬಂದೆ. ಠಾಣೆಯಲ್ಲಿ ದೂರು ಕೊಟ್ಟೆ. ಮರುದಿನ ಬೆಳಿಗ್ಗೆ ಅಪ್ಪನ ಫೋಟೋ ಹಿಡಿದುಕೊಂಡು ದೊಡ್ಡ ಪೇಪರಿನ ಆಫೀಸಿಗೆ ಹೋದೆ. ಅಲ್ಲಿದ್ದವರು ಕುರ್ಚಿ ಕೊಟ್ಟು, ನೀರು ಕೊಟ್ಟು, ಎತ್ತರ, ಮೈಬಣ್ಣ, ಅಂಗಿಯ ಬಣ್ಣ ಎಲ್ಲ ಕೇಳಿ ಬರೆದುಕೊಂಡರು. "ನಾಳೆಯ ಪುಟ ಆಗಿದೆ ಮೇಡಂ, ನಾಡಿದ್ದು ಬರ್ತದೆ," ಎಂದರು. ಅಷ್ಟು ಮರ್ಯಾದೆಯ ಎದುರು ಜಗಳ ಮಾಡಲು ಆಗಲಿಲ್ಲ.

ಮಧ್ಯಾಹ್ನದ ಮೇಲೆ ಹಂಪನಕಟ್ಟೆಯಲ್ಲಿ, ಇನ್ನು ಎಲ್ಲಿ ಹುಡುಕುವುದೆಂದು ತಿಳಿಯದೆ ನಿಂತಿದ್ದೆ. ಪೇಪರಿನ ಅಂಗಡಿಯಲ್ಲಿ ಸಂಜೆ ಪೇಪರ್ ಆಗಷ್ಟೇ ಬಂದಿತ್ತು. ಮುಖಪುಟದಲ್ಲಿ ಅಪ್ಪ ಇದ್ದರು. ಕೂದಲು ಕೆದರಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ಮೇಲೆ ಕೆಂಪಕ್ಷರದಲ್ಲಿ ಹೀಗಿತ್ತು: "ಹೆತ್ತ ಮಕ್ಕಳಿಗೇ ಬೇಡವಾದ ಅಪ್ಪ!"

ಪೇಪರ್ ಕೊಂಡು ಅಲ್ಲೇ ನಿಂತು ಓದಿದೆ. ಕೂಳೂರು ಸೇತುವೆಯ ಹತ್ತಿರ ಈ ವೃದ್ಧರನ್ನು ಮಕ್ಕಳು ಬಿಟ್ಟುಹೋಗಿರುವ ಶಂಕೆ ಇದೆಯಂತೆ. ಸ್ಥಳೀಯರು ಒಂದು ಆಶ್ರಮಕ್ಕೆ ಸೇರಿಸಿದ್ದಾರಂತೆ. ಅಪ್ಪ ಎಲ್ಲಿದ್ದಾರೆಂದು ತಿಳಿದ ಸಂತೋಷ ಮತ್ತು ಆ ಕೆಂಪಕ್ಷರ ಎರಡೂ ಒಟ್ಟಿಗೇ ಬಂದು ಹೊಡೆದವು. ರಿಕ್ಷಾ ಹತ್ತಿದೆ.

ಆಶ್ರಮದ ಮೇಜಿನ ಮೇಲೂ ಅದೇ ಪೇಪರ್ ಇತ್ತು. ಆಶ್ರಮ ನೋಡಿಕೊಳ್ಳುವ ಹೆಂಗಸು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೀವು ಮಗಳಾ?" ಎಂದರು. ಠಾಣೆಯ ದೂರಿನ ಪ್ರತಿ ತೋರಿಸಿದ ಮೇಲೂ ಅವರ ಮುಖ ಅಷ್ಟೊಂದು ಸಡಿಲವಾಗಲಿಲ್ಲ. ಅಪ್ಪ ಒಳಗೆ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ನೋಡಿ, "ಬೋಟು ಬಂತಾ?" ಎಂದು ಕೇಳಿದರು.

"ಬಂತು ಅಪ್ಪ, ಮನೆಗೆ ಹೋಗುವ."

ಮರುದಿನ ರಜೆ ಹಾಕಿ ಸಂಜೆ ಪೇಪರಿನ ಆಫೀಸಿಗೆ ಫೋನ್ ಮಾಡಿದೆ. ಮಾತನಾಡಿದವರು ಎಲ್ಲವನ್ನೂ ಕೇಳಿಸಿಕೊಂಡು, "ತಪ್ಪಾಯ್ತು ಮೇಡಂ, ಇವತ್ತೇ ಸರಿ ಮಾಡಿ ಹಾಕ್ತೇನೆ. ಆದರೆ ಒಂದು ಮಾತು. ಅಂಥ ಹೆಡ್ಡಿಂಗ್ ಇರದಿದ್ದರೆ ಅದು ಮುಖಪುಟಕ್ಕೆ ಬರ್ತಿರಲಿಲ್ಲ. ಮುಖಪುಟಕ್ಕೆ ಬಾರದಿದ್ದರೆ ನೀವು ನೋಡ್ತಿರಲಿಲ್ಲ," ಎಂದರು. ಹೇಳಿದ ಹಾಗೆ ಅಂದೇ ಹಾಕಿದರು. ಒಳಪುಟದ ಮೂಲೆಯಲ್ಲಿ, ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ.

ಅದರ ಮರುದಿನ ದೊಡ್ಡ ಪೇಪರಿನಲ್ಲಿ ಪ್ರಕಟಣೆ ಬಂತು. ವೃದ್ಧರು ಕಾಣೆಯಾಗಿದ್ದಾರೆ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ತುಳು ಮತ್ತು ಕನ್ನಡ ಮಾತನಾಡುತ್ತಾರೆ. ಒಂದು ಅಕ್ಷರ ತಪ್ಪಿರಲಿಲ್ಲ. ಅದನ್ನು ಓದುವಾಗ ಅಪ್ಪ ನನ್ನ ಪಕ್ಕದಲ್ಲೇ ಕೂತು ಗಂಜಿ ಉಣ್ಣುತ್ತಿದ್ದರು.

ನಮ್ಮ ಕಾಲೇಜಿನಲ್ಲಿ ಸಂಜೆ ಪೇಪರನ್ನು ಯಾರೂ ಓದುವುದಿಲ್ಲ. ಸ್ಟಾಫ್ ರೂಮಿಗೆ ಬರುವುದು ದೊಡ್ಡ ಪೇಪರುಗಳು ಮಾತ್ರ, ಒಂದು ಇಂಗ್ಲಿಷು, ಎರಡು ಕನ್ನಡ. ಆದರೆ, ಹಗಲು ಅಪ್ಪನನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ ನಾನು ಮತ್ತೆ ಕೆಲಸಕ್ಕೆ ಹೋದ ದಿನ ಕಾರಿಡಾರಿನಲ್ಲಿ ಮಾತು ತಟ್ಟನೆ ನಿಂತಿತು. ಯಾವತ್ತೂ ಜೊತೆಯಲ್ಲಿ ಊಟ ಮಾಡುವ ಗೆಳತಿ ಅಂದು ಬೇಗ ಉಂಡು ಮುಗಿಸಿದ್ದಳು. ಲೆಕ್ಚರರೊಬ್ಬರು, "ನಿಮಗೆ ಎಂತಾದರೂ ಕಷ್ಟ ಇದ್ದರೆ..." ಎಂದು ಶುರುಮಾಡಿ, ಮುಗಿಸದೆ ಹೋದರು. ನಿಜ ಏನೆಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ಆ ಪೇಪರ್ ನೋಡಿದ್ದೇವೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಕೇಳದವರಿಗೆ ಉತ್ತರ ಹೇಳುವುದಾದರೂ ಹೇಗೆ? ಪಕ್ಕದ ಮನೆಯವರೂ ಹಾಗೆಯೇ. ಗೇಟಿನಲ್ಲಿ ಸಿಕ್ಕಿದರೆ ನಗುತ್ತಿದ್ದರು, ನಿಲ್ಲುತ್ತಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಮಾತ್ರ ಬೇರೆ. ನಮ್ಮ ಕಡೆಯ ಜಂಕ್ಷನ್ನಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ಅದೇ ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡು ಬರುತ್ತಿದ್ದರು. ಅವರಿಗೆ ಓದಲು ಬಾರದು. ಯಾರ ಕೈಯಲ್ಲಾದರೂ ಸಂಜೆ ಪೇಪರ್ ಇದ್ದರೆ ಬಗ್ಗಿ ಫೋಟೋ ನೋಡಿ, ಹೆಡ್ಡಿಂಗ್ ಓದಿಸಿಕೊಳ್ಳುತ್ತಿದ್ದರು. ಆ ದಿನ ನನ್ನನ್ನು ಕಂಡವರೇ ಇಡೀ ಬಸ್ಸಿಗೆ ಕೇಳುವ ಹಾಗೆ ತುಳುವಿನಲ್ಲಿ ಕೇಳಿದರು.

"ಅಕ್ಕ, ಪೇಪರಿನಲ್ಲಿ ಇದ್ದದ್ದು ನಿಮ್ಮ ಅಪ್ಪನಾ? ನೀವು ಬಿಟ್ಟು ಬಂದದ್ದಾ?"

ನನ್ನ ಕಿವಿ ಬಿಸಿಯಾಯಿತು. "ಅಲ್ಲ. ಅವರಿಗೆ ಮರೆವು. ನಾನು ಕೆಲಸಕ್ಕೆ ಹೋದಾಗ ಹೊರಟುಹೋದರು."

"ಹಾಗಾ? ಹಾಗೆ ಹೇಳಿ ಮಾರಾಯ್ರೆ! ನಾನು ಮೊನ್ನೆಯಿಂದ ನಿಮಗೆ ಬೈದದ್ದೇ ಬೈದದ್ದು," ಎಂದು ಹಿಂದಕ್ಕೆ ತಿರುಗಿ, "ಬಿಟ್ಟದ್ದಲ್ಲವಂತೆ, ಮರೆವಂತೆ," ಎಂದು ಸಾರಿದರು. ಹಿಂದಿನ ಸೀಟಿನಿಂದ ಯಾರೋ, "ಅಂಗಿಯ ಕಿಸೆಯಲ್ಲಿ ಫೋನ್ ನಂಬ್ರ ಬರೆದಿಡಿ," ಎಂದರು. ಇನ್ನೊಬ್ಬರು ತಮ್ಮ ಮಾವನ ಮರೆವಿನ ಕಥೆ ತೆಗೆದರು. ಇಳಿಯುವ ಸ್ಟಾಪ್ ಬಂದಾಗ ನನಗೆ ಇಳಿಯಲು ಮನಸ್ಸಾಗಲಿಲ್ಲ.

ಮನೆಗೆ ಬಂದರೆ, ಫೋಟೋ ಬಂದಿದ್ದ ಆ ಪೇಪರನ್ನು ಅಪ್ಪನೇ ಎಲ್ಲಿಂದಲೋ ಹುಡುಕಿ ತೆಗೆದಿದ್ದರು. ನಾನು ಚಾ ತರುವಷ್ಟರಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದರು. "ಹೆತ್ತ... ಮಕ್ಕಳಿಗೇ... ಬೇಡವಾದ..." ಫೋಟೋದ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು.

"ಪಾಪ. ಯಾರು ಇವ? ಇವನ ಮಕ್ಕಳಿಗೆ ಎಂತ ಬಂದದ್ದು?"

"ಮಗಳು ಹುಡುಕಿಕೊಂಡು ಹೋದಳಂತೆ ಅಪ್ಪ. ಮನೆಗೆ ಕರಕೊಂಡು ಬಂದಳಂತೆ."

ಅಪ್ಪ ಪೇಪರನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. "ಅದು ಇದರಲ್ಲಿ ಬರೆದಿಲ್ಲ," ಎಂದರು.

ನಾನು ಚಾದ ಲೋಟ ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ನಿಂತೆ. ಬರೆದಿದ್ದಾರೆ ಎಂದು ಮರುದಿನದ ಪೇಪರಿನ ಒಳಪುಟದ ಆ ನಾಲ್ಕು ಸಾಲು ತೋರಿಸಬಹುದಿತ್ತು. ಆದರೆ ನಾನು ನಂಬಿಸಬೇಕಾಗಿದ್ದವರು ಅಪ್ಪನಲ್ಲ.

ಮುಂದಿನ ವರ್ಷದ ಮಳೆಗಾಲದ ಕೊನೆಗೆ ಅಪ್ಪ ನಿದ್ದೆಯಲ್ಲೇ ಹೋದರು. ತಮ್ಮ ಬಂದ, ಕ್ರಿಯೆ ಮುಗಿಸಿ ಹೋದ. ನಿಧನದ ಸುದ್ದಿಯನ್ನು ದೊಡ್ಡ ಪೇಪರಿಗೆ ಕೊಟ್ಟೆ, ಫೋಟೋ ಸಮೇತ ಬಂತು. ಕಾಲೇಜಿನವರು, ಪಕ್ಕದ ಮನೆಯವರು ಎಲ್ಲ ಅದನ್ನು ಓದಿ ಬಂದರು. "ಪೇಪರಿನಲ್ಲಿ ನೋಡಿದೆವು," ಎಂದು ಧೈರ್ಯವಾಗಿ ಹೇಳಿದರು. ಒಳ್ಳೆಯ ಮಾತನಾಡಿ, ಒಳ್ಳೆಯ ಕನ್ನಡದಲ್ಲಿ ಸಂತಾಪ ಹೇಳಿ ಹೋದರು.

ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಒಂದು ಸಂಜೆ ಬಸ್ಸಿನಲ್ಲಿ ಆ ಮೀನಿನವರು ಸಿಕ್ಕಿದರು. ದೊಡ್ಡ ಪೇಪರಿನ ಸುದ್ದಿ ಅವರವರೆಗೆ ಹೋಗಿರಲಿಲ್ಲ.

"ಅಪ್ಪ ಹೇಗಿದ್ದಾರೆ ಅಕ್ಕ?"

ತಮ್ಮನಿಗೆ ಫೋನಿನಲ್ಲಿ ಹೇಳಿದ್ದು ಬಿಟ್ಟರೆ, ಅಲ್ಲಿಯವರೆಗೆ ಅಪ್ಪ ಸತ್ತದ್ದನ್ನು ಬಾಯಿಬಿಟ್ಟು ಯಾರಿಗೂ ಹೇಳುವ ಸಂದರ್ಭವೇ ನನಗೆ ಬಂದಿರಲಿಲ್ಲ. ಬಂದವರೆಲ್ಲ ಓದಿಕೊಂಡೇ ಬಂದಿದ್ದರು.

"ತೀರಿಕೊಂಡರು," ಎಂದೆ. ಅವರು ಬುಟ್ಟಿಯನ್ನು ಕಾಲಿನಿಂದ ಆಚೆ ಸರಿಸಿ, ನನ್ನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಯಾವಾಗ? ಎಂತ ಆದದ್ದು?" ಎಂದು ಕೇಳಿದರು. ನಾನು ಮೊದಲಿನಿಂದ ಹೇಳತೊಡಗಿದೆ.