ಕಾಗೆ ಬಂದೂಕಿನ ತೋಟಾ

ಬೇಟೆಯ ಸರಂಜಾಮು ಕೂಡಿಡುವವನ ಎದೆಯೊಳಗೆ ಒಂದು ಕ್ರೂರಮೃಗ ಮಲಗಿರುತ್ತದೆಂದು ತಿಳಿದವರು ಹೇಳುತ್ತಾರೆ. ಮಳವಳ್ಳಿಯಲ್ಲಿ ನಮ್ಮ ನೆರೆಮನೆಯವರಾಗಿದ್ದ ಬೋರೇಗೌಡರು ಸೊಳ್ಳೆಯನ್ನೂ ಹೆಂಡತಿಯ ಕೈಲೇ ಹೊಡೆಸುತ್ತಿದ್ದರು.

ಅವರ ಬಳಿ ಬಂದೂಕು ಇರಲಿಲ್ಲ. ಇದ್ದದ್ದು ಸಣ್ಣ ಬೇಟೆ ರೈಫಲ್ಲುಗಳ ಸುಟ್ಟ ತೋಟಾಗಳು, ಅಂದರೆ ಗುಂಡು ಹಾರಿಹೋದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳು. ಒಂದು ಬೀಡಿಯಷ್ಟು ಸಪೂರ, ಇನ್ನೊಂದಕ್ಕೆ ಸೀಸೆಯಂತೆ ಕತ್ತು. ಯಾರಾದರೂ ದೊಡ್ಡದನ್ನು ತಂದರೆ ಮುಟ್ಟುತ್ತಿರಲಿಲ್ಲ. "ಆನೆ ಒಡೆಯೋದ್ನ ಯಾರ್ ಬೇಕಾದ್ರೂ ಮಡಿಕತ್ತಾರೆ ಬುಡಿ ಮೇಷ್ಟ್ರೇ," ಎನ್ನುತ್ತಿದ್ದರು ನನಗೆ.

ಸಂಗ್ರಹದ ಪಟ್ಟದರಸಿ ಸಿಕ್ಕಿದ್ದು ಶಿವನಸಮುದ್ರದ ವಿದ್ಯುತ್ ಕೇಂದ್ರದ ಹಳೇ ಕ್ವಾರ್ಟರ್ಸಿನ ಬೀರು ಗುಜರಿಗೆ ಹೋದಾಗ. ಕಾಗೆ ಹೊಡೆಯಲೆಂದೇ ಇಂಗ್ಲಿಷರು ಮಾಡಿಸಿಕೊಂಡಿದ್ದ ಪುಟ್ಟ ರೈಫಲ್ಲಿನ ತೋಟಾ. "ಕಾಗೆಗೂ ಒಂದ್ ಬಂದೂಕ ಮಾಡಿಸವ್ರೆ ಅಂದ್ರೆ ಅವ್ರಿಗೆ ಎಷ್ಟು ಪುರ್ಸೊತ್ತಿತ್ತು ನೋಡಿ." ಅಂಥದ್ದು ಜಿಲ್ಲೆಯಲ್ಲಿ ತಮ್ಮೊಬ್ಬರಲ್ಲೇ ಇದೆಯೆಂದು ಗೌಡರು ಸಾರಿದ್ದರು. ಅದೇ ಹುಚ್ಚಿನ ಹಳೆಯ ಗೆಳೆಯ, ನಿಡಘಟ್ಟದ ಪುಟ್ಟಸ್ವಾಮಿ ಒಪ್ಪಲಿಲ್ಲ. ಅಸಲಿ ತನಗೆ ಸಿಕ್ಕಿದೆ, ಗೌಡರದು ಯಾವುದೋ ಉದ್ದ ತೋಟಾ ಕುಯ್ದು ಮಾಡಿದ್ದು, ಬೇಕಾದರೆ ಪಕ್ಕಪಕ್ಕ ಇಟ್ಟು ನೋಡೋಣ ಎಂದು ಮದ್ದೂರಿನ ಹೋಟೆಲಿಗೆ ಕರೆದರು.

ತೀರ್ಪುಗಾರನಾಗಿ ನಾನು ಹೋದೆ. ವಡೆಯ ತಟ್ಟೆ ಸರಿಸಿ ಎರಡನ್ನೂ ನಿಲ್ಲಿಸಿದರು. ಎತ್ತರ ಒಂದೇ, ಬಾಯಿಯೂ ಒಂದೇ. ಪುಟ್ಟಸ್ವಾಮಿಯವರದು ಕಪ್ಪಗೆ ಮಂಕಾಗಿತ್ತು, ಬುಡದಲ್ಲಿ ಕಂಪನಿಯ ಹೆಸರು ಓದುವಂತಿತ್ತು. ಗೌಡರದು ಚಿನ್ನದಂತೆ ಹೊಳೆಯುತ್ತಿತ್ತು, ಬುಡ ನುಣ್ಣಗಿತ್ತು.

"ಅಕ್ಸರ ಎಲ್ಲೋದ್ವು ಬೋರಾ?" ಎಂದರು ಪುಟ್ಟಸ್ವಾಮಿ.

"ಇದ್ವು ಕಣ್ಲಾ. ವರ್ಸ ವರ್ಸ ಆಯುಧಪೂಜೆಗೆ ಉಣಸೆಹಣ್ಣು, ಇಟ್ಟಿಗೆ ಪುಡಿ ಆಕಿ ತಿಕ್ತೀನಿ."

"ಬಂದೂಕಿಲ್ದೋನಿಗೆ ಯಾವ ಆಯುಧಪೂಜೆಲಾ?"

"ನಿಮ್ಮನೇಲಿ ತೊಳೀದೆ ಮಾಡ್ತೀರೇನ್ಲಾ ಪೂಜೆಯ?"

ಅಕ್ಷರವಿಲ್ಲದೆ ಅಸಲಿ ಎನ್ನಲಾಗದೆಂದು ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ. ಗೌಡರು ನನ್ನ ಪಾಲಿನ ವಡೆಯನ್ನೂ ತಿಂದು ಮುಗಿಸಿ ಎದ್ದರು. "ಓದೋರ್ಗೆ ಅಕ್ಸರ ಬೇಕು ಮೇಷ್ಟ್ರೇ. ಇದ್ಯಾವ್ದು ಅಂತ ನಂಗೊತ್ತು."

ಆ ವರ್ಷದ ಆಯುಧಪೂಜೆಗೂ ತಿಕ್ಕಿದರು, ಮೊದಲಿಗಿಂತ ಜೋರಾಗಿ. ವರ್ಗವಾಗಿ ಊರು ಬಿಡುವ ಮುನ್ನ ನಾನು ಅವರನ್ನು ಕಡೆಯ ಸಲ ಕಂಡದ್ದು ಅಂದೇ, ಹಿತ್ತಿಲ ಕಲ್ಲಿನ ಮೇಲೆ, ಮೊಣಕೈವರೆಗೂ ಕೆಂಪು ಪುಡಿ ಮೆತ್ತಿಕೊಂಡು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಆ ತೋಟಾವನ್ನು ಪುಟ್ಟಸ್ವಾಮಿಯವರಿಗೆ ಕೊಟ್ಟರು. ತಿಕ್ಕುವವರಿಲ್ಲದೆ ಈಗ ಅದೂ ಕಪ್ಪಗಾಗಿದೆ.